ಎದುರಿನವರ ಮಾತನ್ನು ಮೊದಲು ಹೇಳಲು ಕಲಿಸಿ: ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

‘ತತ್ವಶಾಸ್ತ್ರಕ್ಕೆ ವಿದ್ಯಾರ್ಥಿಗಳು ಬರುತ್ತಿಲ್ಲ, ಆದ್ದರಿಂದ ಆ ವಿಭಾಗ ಬೇಡ’ ಎಂಬ ಮಾತು ಆಡಳಿತದವರ ಬಾಯಲ್ಲಿ ಸಲೀಸಾಗಿ ಬರುತ್ತದೆ. ಈ ಒಂದು ವಾಕ್ಯವನ್ನೇ ದಯವಿಟ್ಟು ಬಿಡಿಸಿ ನೋಡಿ. ಮೊದಲರ್ಧ ತಲೆ ಎಣಿಸಿ ತಿಳಿಯಬಹುದಾದ ಸಂಗತಿ, ಉಳಿದರ್ಧ ತೀರ್ಪು. ‘ಹೆಚ್ಚು ಜನ ಆರಿಸಿಕೊಂಡದ್ದೇ ಕಲಿಯಲು ಯೋಗ್ಯ’ ಎಂಬ ನಂಬಿಕೆ ಇವೆರಡರ ನಡುವೆ ಸದ್ದಿಲ್ಲದೆ ಕುಳಿತಿದೆ. ಅದನ್ನು ಬಾಯಿಬಿಟ್ಟು ಹೇಳಿದರೆ ಆ ಆಡಳಿತಗಾರರೇ ಒಪ್ಪಲು ಹಿಂಜರಿಯುತ್ತಾರೆ. ‘ಹೀಗಿದೆ’ ಎಂಬುದರಿಂದ ‘ಹೀಗಿರಬೇಕು’ ಎಂಬುದಕ್ಕೆ ಹೇಗೆ ದಾಟಿದಿರಿ ಎಂದು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1740ರಲ್ಲೇ ಕೇಳಿದ್ದ. ಇಂಥ ಪ್ರಶ್ನೆ ಕೇಳಲು ಅಭ್ಯಾಸ ಬೇಕು, ತಾನಾಗಿ ಬರುವುದಿಲ್ಲ.

ಭಾರತದ ಪ್ರಾಚೀನ ತರ್ಕಪರಂಪರೆಯಾದ ನ್ಯಾಯದರ್ಶನವು ಚರ್ಚೆಯಲ್ಲಿ ಮೂರು ಬಗೆಗಳನ್ನು ಗುರುತಿಸುತ್ತದೆ. ನಿಜವನ್ನು ತಿಳಿಯಲು ನಡೆಸುವುದು ವಾದ, ಗೆಲ್ಲಲೆಂದೇ ನಡೆಸುವುದು ಜಲ್ಪ, ತನ್ನ ನಿಲುವನ್ನೇ ಮುಂದಿಡದೆ ಇನ್ನೊಬ್ಬರದ್ದನ್ನು ಕೆಡವುತ್ತ ಹೋಗುವುದು ವಿತಂಡ. ಟಿ.ವಿ. ಚರ್ಚೆಗಳ ಮಾತು ಹಾಗಿರಲಿ, ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾವು ಕಲಿಸುತ್ತಿರುವುದೇನು? ಪರ, ವಿರೋಧ ಎಂದು ಮೊದಲೇ ಹಂಚುತ್ತೇವೆ, ಗೆದ್ದವರಿಗೆ ಬಹುಮಾನ ಕೊಡುತ್ತೇವೆ. ಎದುರಿನವರ ಕಾರಣ ಸರಿಯೆನಿಸಿ ಮನಸ್ಸು ಬದಲಿಸಿದ ಹುಡುಗಿಗೆ ಅಲ್ಲಿ ಸೊನ್ನೆ. ಅವಳೊಬ್ಬಳೇ ಆ ದಿನ ಏನನ್ನಾದರೂ ಕಲಿತಿರುತ್ತಾಳೆ! ಸಂಶೋಧನಾ ಪ್ರಬಂಧಗಳಲ್ಲೂ ಇದೇ ಸಂಕಟ: ‘ಹಿಂದಿನ ಅಧ್ಯಯನಗಳು’ ಎಂಬ ಅಧ್ಯಾಯದಲ್ಲಿ ಹೆಸರುಗಳ ಸಾಲಿರುತ್ತದೆ, ಅವರು ಹಾಗೇಕೆ ಹೇಳಿದರು ಎಂಬುದಿರುವುದಿಲ್ಲ.

ಪೂರ್ವಪಕ್ಷವನ್ನು, ಅಂದರೆ ಎದುರಿನವರ ವಾದವನ್ನು, ಮೊದಲು ಮಂಡಿಸಿ ಆಮೇಲೆ ಸಿದ್ಧಾಂತಕ್ಕೆ, ಅಂದರೆ ತನ್ನ ನಿಲುವಿಗೆ, ಹೋಗುವುದು ಶಾಸ್ತ್ರಗ್ರಂಥಗಳ ಕ್ರಮ. ಹಲವು ದರ್ಶನಗಳನ್ನು ಒಂದೊಂದಾಗಿ ಪರಿಚಯಿಸುವ 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ ಶುರುವಾಗುವುದೇ ದೇವರು, ಪರಲೋಕಗಳನ್ನು ಒಪ್ಪದ ಚಾರ್ವಾಕ ದರ್ಶನದಿಂದ. ಚಾರ್ವಾಕರ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರನ್ನು ಒಪ್ಪದವರು ಬರೆದಿಟ್ಟದ್ದು.

ಫ್ರಾನ್ಸಿನಲ್ಲಿ ಶಾಲೆ ಮುಗಿಸುವ ಬ್ಯಾಕಲೋರಿಯಾ ಪರೀಕ್ಷೆಯಲ್ಲಿ 4 ಗಂಟೆಗಳ ತತ್ವಶಾಸ್ತ್ರ ಪತ್ರಿಕೆಯಿದೆ. ನಾನು ಅಷ್ಟನ್ನು ಕೇಳುತ್ತಿಲ್ಲ. ಪದವಿಯ ಪ್ರತಿಯೊಂದು ವಿಭಾಗದ ಪ್ರಶ್ನೆಪತ್ರಿಕೆಯಲ್ಲಿ, ವಿಜ್ಞಾನ, ವಾಣಿಜ್ಯವೂ ಸೇರಿ, ಹೀಗೊಂದು ಪ್ರಶ್ನೆ ಬರಲಿ: ‘ನೀವು ಒಪ್ಪದ ನಿಲುವೊಂದನ್ನು, ಅದನ್ನು ನಂಬುವವರೇ ಹೌದು ಎನ್ನುವಂತೆ ಬರೆಯಿರಿ, ನಂತರ ಉತ್ತರಿಸಿ.’ ಎರಡೂ ಭಾಗಕ್ಕೆ ಸಮಾನ ಅಂಕವಿರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಅಧ್ಯಾಪಕರಿಗೆ ತರಬೇತಿ ಬೇಕು. ಅದಕ್ಕೆ ತಾವು ಅನುದಾನ ಕೊಡಬೇಕು.

ಇನ್ನೊಂದು ವಿನಂತಿ ನೇರವಾಗಿ ತಮಗೆ. ಮುಂದಿನ ಅಧಿವೇಶನದಲ್ಲಿ ತಮ್ಮ ಇಲಾಖೆಯ ಮಸೂದೆ ಮಂಡಿಸುವಾಗ, ಅದಕ್ಕಿರುವ ಅತ್ಯಂತ ಪ್ರಬಲ ಆಕ್ಷೇಪವನ್ನು ತಾವೇ ಸದನದ ಮುಂದಿಟ್ಟು ಉತ್ತರ ಕೊಡಿ.

ಇತಿ ತಮ್ಮ ವಿಶ್ವಾಸಿ,
ತತ್ವಶಾಸ್ತ್ರದ ಒಬ್ಬ ಅಧ್ಯಾಪಕ