ಎಕ್ಸ್‌ಚೇಂಜ್‌ಗೆ ಕೊಡುವ ಮುಂಚೆ

ಮೈಸೂರು

ಚಿ. ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಕ್ಕ, ಭಾವನವರು ಚೆನ್ನಾಗಿದ್ದಾರೆ ಅಂತ ನೀನು ಬರೆದದ್ದು ಓದಿ ಸಮಾಧಾನ ಆಯಿತು.

ಬೋನಸ್ ಬಂದಿದೆ, ಭಾನುವಾರ ಒಂದೇ ಏಟಿಗೆ ಮೂರು ಕೆಲಸ ಮುಗಿಸ್ತೀನಿ ಅಂದಿದ್ದೀಯ: ಭಾವನವರ ಹಳೇ ಲ್ಯಾಪ್‌ಟಾಪ್ ಎಕ್ಸ್‌ಚೇಂಜ್‌ಗೆ ಹಾಕಿ ಹೊಸದು, ನಿನಗೊಂದು 16 ಜಿಬಿ ರ‍್ಯಾಮಿನ 200 ಮೆಗಾಪಿಕ್ಸೆಲ್ ಫೋನು, ಜೊತೆಗೊಂದು ಎಐ ಕನ್ನಡಕ. ದುಡಿದವನು ನೀನು, ಖರ್ಚು ಮಾಡಬೇಡ ಅನ್ನಲ್ಲ. ಆದರೆ ಮೂರಕ್ಕೂ ಒಂದೇ ಪ್ರಶ್ನೆ ಹಾಕು: ಡಬ್ಬಿ ಒಡೆದ ದಿನ ಇದರಲ್ಲಿ ಏನಿದೆ, ಕಂಪನಿ ಕೈಬಿಟ್ಟ ದಿನ ನನ್ನ ಕೈಯಲ್ಲಿ ಏನು ಉಳಿಯುತ್ತೆ? ವೇದಿಕೆ ಮೇಲೆ ನಿಂತು ಹೇಳಿದ ಮಾತಿಗೆ ದುಡ್ಡು ಕೊಡಬೇಡ ಕಣೋ.

ಮೊದಲು ಲ್ಯಾಪ್‌ಟಾಪ್, ಯಾಕೆಂದರೆ ಒಮ್ಮೆ ಕೊಟ್ಟರೆ ಅದು ವಾಪಸ್ ಬರಲ್ಲ. ವಿಂಡೋಸ್ 10 ಮುಗೀತು, ಈ ಮೆಷಿನ್ ಇನ್ನು ಕಸ ಅಂತ ಅಂಗಡಿಯವರು ಹೇಳಿದರಂತೆ. ಮುಗಿದದ್ದು ನಿಜ; 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. 2015ರಲ್ಲಿ ಬಂದದ್ದು ಹತ್ತು ವರ್ಷ ನಡೆಯಿತು, ಅದಕ್ಕೆ ನನ್ನ ತಕರಾರಿಲ್ಲ. ನನ್ನ ಸಿಟ್ಟೆಲ್ಲ ಅದರ ಮುಂದಿನ ವಿಂಡೋಸ್ 11ಕ್ಕೆ ಹಾಕಿದ ಷರತ್ತಿನ ಮೇಲೆ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಸಾಕು ಅಂದವರು, ಟಿಪಿಎಂ 2.0 ಅನ್ನೋ ಭದ್ರತೆಯ ಭಾಗ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದರ ಮೇಲಿನ ಪ್ರೊಸೆಸರೇ ಬೇಕು ಅಂತ ಗೆರೆ ಎಳೆದರು. ನಿನ್ನೆ ತನಕ ಸಲೀಸಾಗಿ ಓಡುತ್ತಿದ್ದ ಎಷ್ಟೋ ಮೆಷಿನ್‌ಗಳು ಆ ಗೆರೆಯ ಆಚೆ ಬಿದ್ದವು.

ಭಾವನವರ ಮೆಷಿನ್ ಗೆರೆಯ ಯಾವ ಕಡೆ ಇದೆ ಅಂತ ನೋಡೋಕೆ ಅರ್ಧ ನಿಮಿಷ ಸಾಕು. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಸಿಸ್ಟಮ್ ಒತ್ತು, ಪ್ರೊಸೆಸರ್ ಹೆಸರು ಬರುತ್ತೆ. ಐ5-8250ಯು ಅಂತಿದ್ದರೆ ಅಡ್ಡಗೆರೆಯ ಪಕ್ಕದ 8 ಅಂದರೆ ಎಂಟನೇ ತಲೆಮಾರು. 10210ಯು ಅಂತಿದ್ದರೆ ಹತ್ತನೇದು, 7200ಯು ಆದರೆ ಏಳನೇದು. ಎಂಟು ಅಥವಾ ಅದರ ಮೇಲಿನದಾದರೆ 11 ಓಡುತ್ತೆ, ಅಂಗಡಿಯವರ ಮಾತು ಅಲ್ಲಿಗೇ ಬಿತ್ತು.

ಎಂಟನೇ ತಲೆಮಾರಿದ್ದೂ ಮೈಕ್ರೋಸಾಫ್ಟಿನ ತಪಾಸಣೆ ಆ್ಯಪ್ 'ಆಗಲ್ಲ' ಅನ್ನಬಹುದು. ಆಗ ಹೆಚ್ಚಿನ ಸಲ ಟಿಪಿಎಂ ಇದ್ದೂ ಆಫ್ ಆಗಿರುತ್ತೆ. ಗೂಢಲಿಪಿಯ ಕೀಲಿಗಳನ್ನು ಬಚ್ಚಿಡುವ ಚಿಕ್ಕ ತಿಜೋರಿ ಅದು. ಆ ತಲೆಮಾರಿನಲ್ಲಿ ಪ್ರೊಸೆಸರ್ ಜೊತೆಗೇ ಬಂದಿರುತ್ತೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಟಿಪಿಎಂ ಚುಕ್ಕಿ ಎಂಎಸ್‌ಸಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡು. ಸ್ಪೆಸಿಫಿಕೇಶನ್ ವರ್ಷನ್ ಎದುರಿಗೆ 2.0 ಇದ್ದರೆ ಸರಿ. ಸಿಗಲಿಲ್ಲ ಅಂದರೆ ರೀಸ್ಟಾರ್ಟ್ ಆಗುವಾಗ ಎಫ್2, ಕೆಲವು ಕಂಪನಿಗಳಲ್ಲಿ ಎಫ್10 ಅಥವಾ ಡಿಲೀಟ್, ಒತ್ತುತ್ತಾ ಬಯೋಸ್ ಒಳಗೆ, ಅಂದರೆ ವಿಂಡೋಸ್ ಏಳುವ ಮುಂಚಿನ ಮೆಷಿನ್ ಸೆಟ್ಟಿಂಗ್ಸ್ ಒಳಗೆ, ಹೋಗು. ಇಂಟೆಲ್ ಆದರೆ ಪಿಟಿಟಿ, ಎಎಂಡಿ ಆದರೆ ಎಫ್‌ಟಿಪಿಎಂ ಅನ್ನೋ ಹೆಸರಲ್ಲಿ ಅದು ಅಡಗಿರುತ್ತೆ. ಆನ್ ಮಾಡಿ ಸೇವ್ ಮಾಡು.

ಬಯೋಸ್ ಮುಟ್ಟುವ ಮುಂಚೆ ಎರಡು ವಿಷಯ ಖಚಿತ ಮಾಡಿಕೋ, ಜನ ಎಡವೋದು ಇಲ್ಲೇ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, ಬಯೋಸ್ ಬದಲಾದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದು ಕೈಯಲ್ಲಿ ಇಲ್ಲದಿದ್ದರೆ ಫೈಲುಗಳೆಲ್ಲ ಹೋದ ಹಾಗೇ. ಮೊದಲೇ ಕಾಗದದ ಮೇಲೆ ಬರೆದಿಡು. ಇನ್ನೊಂದು, ಅದೇ ರೀತಿ ವಿಂಡೋಸ್ ಕೀ ಮತ್ತು ಆರ್ ಒತ್ತಿ ಎಂಎಸ್‌ಇನ್ಫೋ32 ತೆರೆದು ಬಯೋಸ್ ಮೋಡ್ ಎದುರು ಲೆಗಸಿ, ಅಂದರೆ ಹಳೇ ಬೂಟ್ ಕ್ರಮ, ಅಂತಿದೆಯಾ ನೋಡು. ಇದ್ದರೆ, ಆತುರಪಟ್ಟು ನೇರ ಹೊಸ ಬೂಟ್ ಕ್ರಮವಾದ ಯುಇಎಫ್‌ಐಗೆ ತಿರುಗಿಸಿದರೆ ವಿಂಡೋಸ್ ಏಳೋದೇ ಇಲ್ಲ, ಯಾಕೆಂದರೆ ಡಿಸ್ಕ್ ಹಳೇ ಎಂಬಿಆರ್ ಕ್ರಮದಲ್ಲಿ ಭಾಗ ಆಗಿರುತ್ತೆ. ಅದನ್ನು ಬದಲಿಸುವ ಎಂಬಿಆರ್2ಜಿಪಿಟಿ ಅನ್ನೋ ಸಲಕರಣೆ ವಿಂಡೋಸ್ ಒಳಗೇ ಇದೆ. ಮೊದಲು ವ್ಯಾಲಿಡೇಟ್, ಆಮೇಲೆ ಕನ್ವರ್ಟ್, ಕೊನೆಗೆ ಬಯೋಸ್. ಈ ಕ್ರಮ ತಪ್ಪಿಸಬೇಡ.

ಪ್ರೊಸೆಸರ್ ಏಳನೇದೋ ಅದಕ್ಕೂ ಹಳೇದೋ ಆಗಿದ್ದರೂ ಕಸದ ಬುಟ್ಟಿ ಹುಡುಕಬೇಕಿಲ್ಲ. 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಮುಂದುವರಿಸುವ ಯೋಜನೆ ಇದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿರಬೇಕು. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ಎನ್‌ರೋಲ್ ಅನ್ನೋ ಕೊಂಡಿ ಕಾಣುತ್ತೆ. ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಲು ಒಪ್ಪಿದರೆ ದುಡ್ಡಿಲ್ಲದೆ ಆಗುತ್ತೆ. ಆಗ ಡಾಕ್ಯುಮೆಂಟ್ಸ್, ಫೋಟೋ ಫೋಲ್ಡರುಗಳನ್ನೂ ಒನ್‌ಡ್ರೈವ್‌ಗೆ ಕಳಿಸಲು ಕೇಳಿದರೆ ಬೇಡ ಅನ್ನು. ಬಿಟ್ಟಿ ಜಾಗ 5 ಜಿಬಿ ಮಾತ್ರ, ಮೊಮ್ಮಗಳ ನಾಮಕರಣದ ವಿಡಿಯೋ ಒಂದೇ ಅದನ್ನು ತುಂಬುತ್ತೆ. ಆಮೇಲೆ ದಿನಾ 'ಜಾಗ ಕೊಂಡುಕೊಳ್ಳಿ' ಅಂತ ಭಾವನವರ ತಲೆ ತಿನ್ನುತ್ತೆ. ಆ ಗಡುವೂ ದಾಟಿದ ಮೇಲೆ ಲಿನಕ್ಸ್ ಮಿಂಟ್ ಹಾಕು. 4 ಜಿಬಿ ರ‍್ಯಾಮಿದ್ದರೆ ಆರಾಮ. ಪೆನ್ ಡ್ರೈವ್‌ನಿಂದಲೇ ಬೂಟ್ ಮಾಡಿ ವೈಫೈ, ಪ್ರಿಂಟರ್ ನಡೆಯುತ್ತಾ ನೋಡಿ, ಆಮೇಲೆ ಹಾಕಿದರಾಯಿತು.

ನಿಧಾನ, ನಿಧಾನ ಅಂತ ಭಾವನವರು ಗೊಣಗೋದಕ್ಕೆ ಕಾರಣ ಬೇರೆ ಇರಬಹುದು. ಟಾಸ್ಕ್ ಮ್ಯಾನೇಜರ್ ತೆರೆದು, ಸುಮ್ಮನೆ ಕೂತಾಗಲೂ ಡಿಸ್ಕ್ 100% ತೋರಿಸಿದರೆ ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದೆ ಅಂತಲೇ ಅಂದುಕೋ. ಅದನ್ನು ತೆಗೆದು ಅದೇ ಜಾಗಕ್ಕೆ 2.5 ಇಂಚಿನ, 7 ಮಿಮೀ ದಪ್ಪದ ಸಾಟಾ ಎಸ್‌ಎಸ್‌ಡಿ ಹಾಕಿಸು. ಹೊಸ ಲ್ಯಾಪ್‌ಟಾಪ್‌ನಿಂದ ಸಿಗುವ ಸುಖದ ಮುಕ್ಕಾಲು ಭಾಗ ಈ ಒಂದು ತುಂಡಿನಲ್ಲೇ ಸಿಗುತ್ತೆ.

ರ‍್ಯಾಮ್ ಮಾತ್ರ ಈಗ ದುಬಾರಿ. ಎಐ ಡೇಟಾ ಸೆಂಟರುಗಳಿಗೆ ಮೆಮೊರಿ ಮಾರಿದರೆ ಲಾಭ ಹೆಚ್ಚು ಅಂತ ತಯಾರಕರು ಆ ಕಡೆ ಹೊರಳಿದ್ದಾರೆ. ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ, ಮನೆಮಂದಿಗೆ ಮಾರುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುವುದಾಗಿ ಹೇಳಿತು. ನಮ್ಮಂಥವರ ಅಂಗಡಿಯನ್ನೇ ಎತ್ತಿಬಿಟ್ಟರಲ್ಲ ಅನ್ನೋದು ನನಗೆ ನಿಜವಾಗಿ ನೋವಿನ ಸಂಗತಿ. ಅದಕ್ಕೇ ಇರುವ ರ‍್ಯಾಮನ್ನು ಎಕ್ಸ್‌ಚೇಂಜ್ ಹೆಸರಲ್ಲಿ ಪುಕ್ಕಟೆ ಕೊಡಬೇಡ ಅನ್ನೋದು.

ಇನ್ನೊಂದು ಮುಖ್ಯ ವಿಷಯ, ಇದನ್ನು ಯಾವ ಅಂಗಡಿಯೂ ಹೇಳಲ್ಲ. ಭಾವನವರ ಹಳೇ ಬರಹಗಳೆಲ್ಲ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿವೆ. ಹಳೇ ನುಡಿ ಫೈಲು ಯುನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ, ಅಲ್ಲ. ಒಳಗಿರೋದು ಇಂಗ್ಲಿಷ್ ಚಿಹ್ನೆಗಳು, ನುಡಿ ಫಾಂಟ್ ಅವುಗಳ ಮೇಲೆ ಕನ್ನಡದ ಆಕಾರ ಹೊದಿಸಿರುತ್ತೆ. ಫಾಂಟ್ ಇಲ್ಲದ ಹೊಸ ಮೆಷಿನ್‌ನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಹಳೇ ಮೆಷಿನ್ ಇರುವಾಗಲೇ ಪರಿವರ್ತಕದಲ್ಲಿ ಯುನಿಕೋಡ್‌ಗೆ ತಿರುಗಿಸು. ತಿರುಗಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ನಾಲ್ಕು ಸಾಲು ಮೂಲದ ಪಕ್ಕ ಇಟ್ಟು ಓದು. ಕೆಡುವುದಿದ್ದರೆ ಮೊದಲು ಅಲ್ಲೇ ಕೆಡೋದು. ಮೂಲ ಫೈಲನ್ನು ಅಳಿಸಬೇಡ.

ಇನ್ನು ನಿನ್ನ ಫೋನು. ಅದರ 16 ಜಿಬಿಯ ಪಕ್ಕ ಸಣ್ಣಕ್ಷರದಲ್ಲಿ 8+8 ಅಂತ ಇದೆಯಾ ನೋಡು. ಇದ್ದರೆ ನಿಜವಾದ ರ‍್ಯಾಮ್ 8. ಉಳಿದ 8 ನಿನ್ನದೇ ಸ್ಟೋರೇಜ್‌ನಿಂದ ಕಿತ್ತುಕೊಂಡ ಜಾಗ. ರ‍್ಯಾಮಿನ ವೇಗದ ಹತ್ತಿರಕ್ಕೂ ಅದು ಬರಲ್ಲ, ಪದೇ ಪದೇ ಬರೆದು ಅಳಿಸಿ ಸ್ಟೋರೇಜ್ ಸವೆಯುತ್ತೆ. ಅಂಥ ಫೋನು ತಗೊಂಡರೂ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡು.

200 ಮೆಗಾಪಿಕ್ಸೆಲ್ ವಿಚಾರ ಸ್ವಲ್ಪ ಬಿಡಿಸಿ ಹೇಳ್ತೀನಿ. ಬೆರಳಿನ ಉಗುರಿನಷ್ಟು ಸೆನ್ಸರ್‌ನಲ್ಲಿ 20 ಕೋಟಿ ಚುಕ್ಕಿ ತುಂಬಬೇಕಾದರೆ ಒಂದೊಂದು ಚುಕ್ಕಿಯೂ ಸುಮಾರು 0.6 ಮೈಕ್ರಾನ್‌ಗೆ ಇಳಿಯುತ್ತೆ. ಅಷ್ಟು ಸಣ್ಣ ಬಾಯಿಗೆ ಬೀಳುವ ಬೆಳಕೂ ಅಷ್ಟೇ ಸಣ್ಣದು. ಅದಕ್ಕೇ ಫೋನು ನಾಲ್ಕು ಸಾಲು ನಾಲ್ಕು ಕಂಬ, ಒಟ್ಟು 16 ಚುಕ್ಕಿ ಸೇರಿಸಿ ಒಂದು ಮಾಡುತ್ತೆ. ಕೊನೆಗೆ ನಿನಗೆ ಸಿಗುವ ಫೋಟೋ 12.5 ಮೆಗಾಪಿಕ್ಸೆಲ್. ಅದು ಒಳ್ಳೇ ಉಪಾಯವೇ, ಫೋಟೋ ಚೆನ್ನಾಗೇ ಬರುತ್ತೆ; ಆದರೆ ನಿನ್ನಿಂದ ದುಡ್ಡು ಕೇಳೋದು 200ರ ಹೆಸರಲ್ಲಿ. ಅಂಗಡಿಯಲ್ಲೇ ಪರೀಕ್ಷೆ ಮಾಡು: ಬೆಳಕು ಕಡಿಮೆ ಇರುವ ಮೂಲೆಯಲ್ಲಿ ಒಂದು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳ ಫೋಟೋವನ್ನು 200, 12.5 ಎರಡೂ ಮೋಡ್‌ನಲ್ಲಿ ತೆಗೆದು, ದೊಡ್ಡದು ಮಾಡಿ ನೋಡು. ಜೊತೆಗಿರುವ 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಕ್ಯಾಮೆರಾ ಹಿಂಬದಿಯಲ್ಲಿ ಕಣ್ಣುಗಳ ಲೆಕ್ಕ ಹೆಚ್ಚಿಸೋಕೆ ಅಷ್ಟೇ. ಸಾವಿರಾರು ನಿಟ್ಸ್ ಪ್ರಕಾಶ ಅನ್ನೋದೂ ಸಾಮಾನ್ಯವಾಗಿ ಪರದೆಯ ಚಿಕ್ಕ ತುಂಡಿನಲ್ಲಿ ಅಳೆದ ಲೆಕ್ಕ. ಮಧ್ಯಾಹ್ನ ಅಂಗಡಿ ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿದರೆ ತಿಳಿಯುತ್ತೆ.

ಈ ಅಂಕಿಗಳಿಗಿಂತ ನಾನು ಮೊದಲು ಕೇಳೋದು ಅಪ್‌ಡೇಟ್ ಎಷ್ಟು ವರ್ಷ ಅಂತ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಕೊಡ್ತೀವಿ ಅಂದವು. ಇತ್ತೀಚಿನ ವರ್ಷಗಳಲ್ಲಿ ಫೋನ್ ಕಂಪನಿಗಳು ಮಾಡಿದ ಅತ್ಯಂತ ಒಳ್ಳೇ ಕೆಲಸ ಅಂದರೆ ನನ್ನ ದೃಷ್ಟಿಯಲ್ಲಿ ಇದೇ, ಮಡಚುವ ಪರದೆ ಅಲ್ಲ. ಆದರೆ ಏಳು ವರ್ಷ ಎಣಿಸೋದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀನು ಕೊಂಡ ದಿನದಿಂದ ಅಲ್ಲ. ಎರಡು ವರ್ಷ ಹಳೇ ಮಾದರಿ ಆಫರ್‌ನಲ್ಲಿ ಸಿಕ್ಕರೆ ಉಳಿದದ್ದು ಐದು. ಆದರೂ ಒಂದು ವರ್ಷ ಹಳೇ ಮೇಲ್ದರ್ಜೆಯ ಫೋನು, ಅದೇ ದುಡ್ಡಿನ ಹೊಸ ಮಧ್ಯಮ ಫೋನಿಗಿಂತ ವಾಸಿ ಅನ್ನೋದು ನನ್ನ ಅಭಿಪ್ರಾಯ. ಸೆಕೆಂಡ್ ಹ್ಯಾಂಡ್ ಆದರೆ *#06# ಒತ್ತಿ ಐಎಂಇಐ ಅನ್ನೋ ಫೋನಿನ ಗುರುತಿನ ಸಂಖ್ಯೆ ತಗೊಂಡು, ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು ಜಾಗ ಬಿಟ್ಟು ಆ ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸು. ಕದ್ದದ್ದೆಂದು ಬ್ಲಾಕ್ ಆಗಿದ್ದರೆ ತಿಳಿಯುತ್ತೆ. ದುಡ್ಡು ಕೊಡುವ ಮುಂಚೆ ಕಳಿಸು, ಆಮೇಲೆ ಅಲ್ಲ.

'ಈ ಸೌಲಭ್ಯ ಮುಂದೆ ಅಪ್‌ಡೇಟ್‌ನಲ್ಲಿ ಬರುತ್ತೆ' ಅಂದರೆ ಅದಕ್ಕೆ ಬೆಲೆ ಸೊನ್ನೆ ಅಂತ ಹಿಡಿ. ನಿನ್ನ ಮೇಲ್, ಮೆಸೇಜು ಎಲ್ಲ ಅರ್ಥಮಾಡಿಕೊಂಡು ಉತ್ತರ ಕೊಡುವ, 'ಸಿರಿ' ಅನ್ನೋ ತನ್ನ ಮಾತಿನ ಸಹಾಯಕಿಯ ಹೊಸ ರೂಪವನ್ನು ಆ್ಯಪಲ್ 2024ರ ಜೂನ್‌ನಲ್ಲಿ ತೋರಿಸಿತು. ಐಫೋನ್ 16 ಸೆಪ್ಟೆಂಬರ್‌ನಲ್ಲಿ ಮಾರಾಟಕ್ಕೆ ಬಂತು, ಜಾಹೀರಾತೂ ಬಂತು. 2025ರ ಮಾರ್ಚ್‌ನಲ್ಲಿ, ಇನ್ನೂ ಸಮಯ ಬೇಕು ಅಂತ ಕಂಪನಿಯೇ ಒಪ್ಪಿಕೊಂಡಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ್ದು ಆ್ಯಪಲ್. ಬಟ್ಟೆಗೆ ದುಡ್ಡು ಕೊಟ್ಟವರು ಕೊಂಡವರು.

ಕೊನೆಗೆ ಕನ್ನಡಕ. ಅದಕ್ಕೂ ಮುಂಚೆ ಅಂಥದೇ ಇನ್ನೊಂದು ಎಐ ಸಾಮಾನಿನ ಕಥೆ ಕೇಳು. ಎದೆಯ ಮೇಲೆ ಸಿಕ್ಕಿಸಿಕೊಳ್ಳುವ ಎಐ ಪಿನ್ ಅಂತ ಹ್ಯೂಮೇನ್ ಅನ್ನೋ ಅಮೆರಿಕದ ಕಂಪನಿ ಮಾಡಿತ್ತು. ಆ್ಯಪಲ್‌ನಲ್ಲಿ ಕೆಲಸ ಮಾಡಿದ ನುರಿತವರೇ ಕಟ್ಟಿದ್ದು. ಬೆಲೆ 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್ ಚಂದಾ. ಅಂಗೈ ಮೇಲೆ ಲೇಸರ್‌ನಿಂದ ಅಕ್ಷರ ಮೂಡಿಸುತ್ತಿತ್ತು. 2024ರ ಏಪ್ರಿಲ್‌ನಲ್ಲಿ ಗ್ರಾಹಕರ ಕೈಸೇರಿತು. 2025ರ ಫೆಬ್ರವರಿಯಲ್ಲಿ ಎಚ್‌ಪಿ 11.6 ಕೋಟಿ ಡಾಲರ್‌ಗೆ ಕಂಪನಿಯ ಆಸ್ತಿ ಕೊಂಡಿತು, ಅದೇ ತಿಂಗಳ 28ಕ್ಕೆ ಸರ್ವರ್ ಬಂದ್. ಕರೆ ಇಲ್ಲ, ಮೆಸೇಜ್ ಇಲ್ಲ, ಪ್ರಶ್ನೆಗೆ ಉತ್ತರ ಇಲ್ಲ. ಇನ್ನು ಮುಂದೆ ಏನು ನಡೆಯುತ್ತೆ ಅನ್ನೋದಕ್ಕೆ ಕಂಪನಿ ಕೊಟ್ಟ ಉದಾಹರಣೆ, ಬ್ಯಾಟರಿ ಎಷ್ಟಿದೆ ಅಂತ ತೋರಿಸೋದು. ಕೊನೆಯ 90 ದಿನಗಳ ಒಳಗೆ ಕೊಂಡವರನ್ನು ಬಿಟ್ಟು ಮಿಕ್ಕವರಿಗೆ ದುಡ್ಡೂ ವಾಪಸ್ ಬರಲಿಲ್ಲ. ಗೂಗಲ್ 2023ರ ಜನವರಿಯಲ್ಲಿ ಸ್ಟೇಡಿಯಾ ಅನ್ನೋ ಗೇಮ್ ಸೇವೆ ಮುಚ್ಚಿದಾಗ, ಕೊಂಡ ಆಟ, ತನ್ನಿಂದ ಕೊಂಡ ಸಾಮಾನು ಎರಡರ ದುಡ್ಡೂ ಹಿಂದಿರುಗಿಸಿ, ಕಂಟ್ರೋಲರ್ ಬ್ಲೂಟೂತ್‌ನಲ್ಲಿ ಬಳಸುವ ದಾರಿಯನ್ನೂ ಕೊಟ್ಟಿತು. ಮುಚ್ಚೋದಿದ್ದರೆ ಹಾಗೆ ಮುಚ್ಚಬೇಕು.

ನೀನು ಹೇಳಿದ ರೇಬ್ಯಾನ್ ಮೆಟಾ ಕನ್ನಡಕ 2025ರ ಮೇನಲ್ಲಿ 29,900 ರೂಪಾಯಿಯಿಂದ ನಮ್ಮಲ್ಲಿ ಮಾರಾಟಕ್ಕೆ ಬಂತು. ಪಿನ್‌ಗಿಂತ ಇದು ಎಷ್ಟೋ ವಾಸಿ: ಸರ್ವರ್ ನಿಂತರೂ ಕಡೇಪಕ್ಷ ಬಿಸಿಲಿಗೆ ಕನ್ನಡಕ. ಆದರೆ ಬ್ಯಾಟರಿ ಕಡ್ಡಿಯೊಳಗೇ ಹುದುಗಿದೆ, ನೀನು ಬಿಚ್ಚಿ ಬದಲಿಸೋ ಹಾಗಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಯಾವ ಲಿಥಿಯಂ ಬ್ಯಾಟರಿಯಾದರೂ ಸೊರಗುತ್ತೆ. ನಿನಗೆ ಪವರ್ ಬೇರೆ ಇದೆ, ಗಾಜಿನ ಖರ್ಚು ಸೇರಿಸಿ ಲೆಕ್ಕ ಹಾಕು. ಹಾಕಿಕೊಂಡು ಮನೆಗೆ ಬಂದರೆ ಎದುರು ಕೂತ ಅಕ್ಕನಿಗೆ, ಇದು ಕ್ಯಾಮೆರಾ ಅಂತ ಮೊದಲೇ ಹೇಳು. ಬಿಳಿ ದೀಪ ಉರಿದರೆ ರೆಕಾರ್ಡ್ ಆಗ್ತಿದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ನನ್ನ ಮಾತು ಕೇಳೋದಾದರೆ ಇದನ್ನು ಈ ವರ್ಷ ಬಿಡು.

ನಿನ್ನ ಹಳೇ ಫೋನು ಎಕ್ಸ್‌ಚೇಂಜ್‌ಗೆ ಹೋಗೋದಿದ್ದರೆ ಮೊದಲು ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್‌ಗಳು ಹೊಸದರಲ್ಲಿ ನಡೆಯುತ್ತವಾ ನೋಡಿಕೋ. ಆಮೇಲೆ ಹಳೇದರಲ್ಲಿ ಗೂಗಲ್ ಖಾತೆ ತೆಗೆದು, ನಂತರ ರೀಸೆಟ್ ಮಾಡು. ಖಾತೆ ತೆಗೆಯದೆ ರೀಸೆಟ್ ಮಾಡಿದರೆ ಫೋನು ಹಳೇ ಪಾಸ್‌ವರ್ಡ್ ಕೇಳಿ ಬೀಗ ಹಾಕಿಕೊಂಡು ಕೂರಬಹುದು, ಅದನ್ನು ಒಯ್ಯೋಕೆ ಮನೆ ಬಾಗಿಲಿಗೆ ಬಂದ ಹುಡುಗ ವಾಪಸ್ ಹೋಗ್ತಾನೆ.

ಶನಿವಾರ ಸಂಜೆ ಭಾವನವರ ಲ್ಯಾಪ್‌ಟಾಪ್‌ನ ಪ್ರೊಸೆಸರ್ ನಂಬರು, ಟಿಪಿಎಂ ಪರದೆ, ಟಾಸ್ಕ್ ಮ್ಯಾನೇಜರ್, ಮೂರರ ಫೋಟೋ ನನಗೆ ಕಳಿಸು. ಏಳು ಗಂಟೆಯ ಮೇಲೆ ಫೋನ್ ಮಾಡಿದರೆ ಬಯೋಸ್ ಕೆಲಸ ಮುಗಿಯುವ ತನಕ ಲೈನಲ್ಲೇ ಇರ್ತೀನಿ.

ಅಕ್ಕ, ಭಾವನವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಪ್ರೀತಿಯ ಮಾವ