ಹತ್ತಿರದಿಂದ ಹೊಡೆದರೆ ಶಿಕಾರಿ ನ್ಯಾಯವಾಗದು

ಮಾನ್ಯ ಸಂಪಾದಕರೆ,

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕದ್ದು ಶಿಕಾರಿ ಮಾಡುವುದು ಇಂದು ನಿನ್ನೆಯದಲ್ಲ. ಆದರೆ ಅಮೆರಿಕದವರು ರಿವಾಲ್ವರಿನಿಂದ ಜಿಂಕೆ ಹೊಡೆಯುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದ ಕೆಲವು ಯುವಕರು, ದೂರದಿಂದ ಕೋವಿಯಲ್ಲಿ ಈಡು ಹೊಡೆಯುವುದಕ್ಕಿಂತ ಇಪ್ಪತ್ತು ಮಾರು ಹತ್ತಿರ ಹೋಗಿ ರಿವಾಲ್ವರಿನಲ್ಲಿ ಹೊಡೆಯುವುದೇ ಧೈರ್ಯ, ಪ್ರಾಣಿಗೂ ನೋವು ಕಡಿಮೆ ಎಂದು ಚಹದಂಗಡಿಯಲ್ಲಿ ರಾಜಾರೋಷವಾಗಿ ವಾದಿಸುವುದನ್ನು ಈಚೆಗೆ ಕೇಳುತ್ತಿದ್ದೇನೆ. ತೋಟ ಮತ್ತು ಸೊಪ್ಪಿನ ಬೆಟ್ಟದ ನಡುವೆಯೇ ಬಾಳುವ ಅಡಿಕೆ ಬೆಳೆಗಾರನಾಗಿ ಈ ವಾದಕ್ಕೆ ಉತ್ತರ ಹೇಳಬೇಕೆನಿಸಿತು.

ಅಮೆರಿಕದ ಹಲವು ರಾಜ್ಯಗಳಲ್ಲಿ ಅಂಥ ಬೇಟೆಗೆ ಕಾನೂನಿನ ಅನುಮತಿ ಇರುವುದು ನಿಜ. ಅಲ್ಲಿ ಪರವಾನಗಿ ಪಡೆಯಬೇಕು, ನಿಗದಿಯಾದ ಋತುವಿನಲ್ಲಷ್ಟೇ ಹೊಡೆಯಬೇಕು. ಗುಂಡಿನ ಕನಿಷ್ಠ ಗಾತ್ರ ಅಥವಾ ಶಕ್ತಿ ಎಷ್ಟಿರಬೇಕೆಂದೂ ಅನೇಕ ರಾಜ್ಯಗಳು ಗೊತ್ತುಪಡಿಸಿವೆ. ಹಗಲಿನಲ್ಲಿ, ಗಾಳಿಯ ದಿಕ್ಕು ನೋಡಿಕೊಂಡು, ಜಿಂಕೆಯ ಮೂಗು ಕಿವಿಗಳಿಗೆ ಸುಳಿವು ಸಿಗದಂತೆ ಕಾಯುವವನಿಗೆ ಮಾತ್ರ ಅದು ಅಷ್ಟು ಹತ್ತಿರ ಸಿಗುತ್ತದೆ. ರಾತ್ರಿ ದೀಪ ಹಿಡಿದು ಜಿಂಕೆ ಹೊಡೆಯುವುದು ಬಹುತೇಕ ಎಲ್ಲ ರಾಜ್ಯಗಳಲ್ಲೂ ಅಪರಾಧ. ನಮ್ಮಲ್ಲಿಯೋ, ಹತ್ತಿರ ಹೋಗುವ ಉಪಾಯವೇ ಹಣೆಗೆ ಕಟ್ಟಿದ ಹೆಡ್‌ಲೈಟು. ಕಣ್ಣು ಕೋರೈಸಿದ ಕಾಡುಕುರಿ (ಬೊಗಳುವ ಜಿಂಕೆ) ಎತ್ತಿದ ಮುಂಗಾಲನ್ನು ಇಳಿಸದೆ ನಿಂತೇ ಬಿಡುತ್ತದೆ. ಹಾಗೆ ನಿಂತದ್ದನ್ನು ಹೊಡೆಯುವುದರಲ್ಲಿ ಯಾವ ಧೈರ್ಯವೋ ನನಗಂತೂ ತಿಳಿಯದು.

ಇನ್ನು ನೋವಿನ ಮಾತು. ಆ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವುದು 1950ರ ದಶಕದಲ್ಲಿ ಬಂದ .44 ಮ್ಯಾಗ್ನಂನಂಥ ಭಾರೀ ಗುಂಡಿನ ರಿವಾಲ್ವರುಗಳು. ನಮ್ಮ ದೇಶದಲ್ಲಿ ಆತ್ಮರಕ್ಷಣೆಗೆಂದು ನಾಗರಿಕರು ಸಾಮಾನ್ಯವಾಗಿ ಇಟ್ಟುಕೊಳ್ಳುವುದು ಸಣ್ಣ ಗುಂಡಿನ .32ರ ರಿವಾಲ್ವರ್; ಅದರ ಗುಂಡಿನ ಶಕ್ತಿ ಮ್ಯಾಗ್ನಂನ ಐದರಲ್ಲಿ ಒಂದು ಪಾಲೂ ಇಲ್ಲ. ಬೆರಳುದ್ದದ ನಳಿಕೆಯಲ್ಲಿ ಹಿಂದಿನ ಗುರಿಗಣ್ಣಿಗೂ ಮುಂದಿನದಕ್ಕೂ ಅಂತರ ತೀರಾ ಕಡಿಮೆಯಾದ್ದರಿಂದ, ಕೈ ಸ್ವಲ್ಪ ಅದುರಿದರೂ ಎದೆಗೆಂದು ಹೊಡೆದದ್ದು ಹೊಟ್ಟೆಗೋ ತೊಡೆಗೋ ಬೀಳುತ್ತದೆ. ಬೆಳೆದ ಗಂಡು ಕಡವೆ ಎರಡು ಕ್ವಿಂಟಾಲಿಗೂ ಮೀರಿ ತೂಗುವ ಪ್ರಾಣಿ; ಅಂಥ ಗುಂಡಿಗೆ ಅದು ಬೀಳುವುದಿಲ್ಲ, ಓಡುತ್ತದೆ. ಹೀಗೆ ಓಡಿದ ಕಾಡುಕುರಿಯೊಂದನ್ನು ನಮ್ಮ ಬೆಟ್ಟದ ಕೆಳಗಿನ ಹಳ್ಳದಲ್ಲಿ ನಾನೇ ಕಂಡಿದ್ದೇನೆ. ಹೊಟ್ಟೆಯ ಗಾಯದಲ್ಲಿ ಹುಳ ಹರಿದಾಡುತ್ತಿತ್ತು, ಜೀವ ಇನ್ನೂ ಇತ್ತು, ಬಾಯಿ ನೀರಿಗೆ ತಾಗಿಕೊಂಡಿತ್ತು. ಹೊಡೆದವರು ಹುಡುಕಿಕೊಂಡು ಬರಲೂ ಇಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಈ ಬೇಟೆಯನ್ನು ನಿಷೇಧಿಸಿದೆ. ಬೆಳೆಹಾನಿಯ ನೆವವೂ ಇಲ್ಲಿ ನಿಲ್ಲದು. ಬೆಳೆಗೆ ಅಪಾಯ ತರುವ ಕೆಲವು ಪ್ರಾಣಿಗಳನ್ನು ಹೊಡೆಯಲು 11ನೇ ಕಲಮಿನಲ್ಲಿ ಅವಕಾಶವಿದ್ದರೂ ಅದಕ್ಕೆ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಆದೇಶ ಬೇಕು, ಸತ್ತ ಪ್ರಾಣಿ ಸರ್ಕಾರದ ಸ್ವತ್ತಾಗುತ್ತದೆ. ಮಾಂಸ ಪಾಲು ಮಾಡಿಕೊಂಡವರು ತೋಟ ಕಾಯುತ್ತಿದ್ದೆವು ಎಂದರೆ ನಂಬುವವರಾರು? 1959ರ ಶಸ್ತ್ರಾಸ್ತ್ರ ಕಾಯ್ದೆಯೂ ಬೆಳೆ ರಕ್ಷಣೆಗೆಂದು ಹೇಳುವುದು ಮುಖ್ಯವಾಗಿ ನಳಿಕೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ರಿವಾಲ್ವರಿಗೆ ಅದರಲ್ಲಿ ಜಾಗವಿಲ್ಲ. ಈ ಕದ್ದು ಶಿಕಾರಿಯವರಿಂದಾಗಿ ಕಷ್ಟಕ್ಕೆ ಸಿಲುಕುವವರು, ಮಂಗ ಹಂದಿಗಳ ಕಾಟ ತಡೆಯಲು ಕೋವಿ ಇಟ್ಟುಕೊಂಡು, ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಹೊತ್ತು ಠೇವಣಿ ಇಡುವ ಪ್ರಾಮಾಣಿಕ ರೈತರು.

ಪರವಾನಗಿಯಲ್ಲಿ ಕಾಡತೂಸುಗಳ ಮಿತಿಯನ್ನೂ ನಮೂದಿಸಿರುತ್ತಾರೆ. ಆದ್ದರಿಂದ ಚುನಾವಣೆಗೆ ಆಯುಧ ಠೇವಣಿ ಇಡುವಾಗಲೂ ಪರವಾನಗಿ ನವೀಕರಿಸುವಾಗಲೂ ರಿವಾಲ್ವರ್ ಹೊಂದಿದವರಿಂದ ಕೊಂಡದ್ದೆಷ್ಟು, ಉಳಿದದ್ದೆಷ್ಟು, ಖರ್ಚಾದದ್ದು ಎಲ್ಲಿ ಎಂಬ ಲೆಕ್ಕವನ್ನು ಪೊಲೀಸರು ತಪ್ಪದೆ ಕೇಳಿ ಬರೆದುಕೊಳ್ಳಬೇಕು. ಅರಣ್ಯ ಇಲಾಖೆಯು ರಾತ್ರಿ ಗಸ್ತನ್ನು ಮುಖ್ಯರಸ್ತೆಯ ತಪಾಸಣಾ ಠಾಣೆಗಳಿಗೆ ಸೀಮಿತಗೊಳಿಸದೆ, ಹೆಡ್‌ಲೈಟಿನ ಬೆಳಕು ಕಾಣುವ ಬೆಟ್ಟದಂಚಿನ ಕಚ್ಚಾ ದಾರಿಗಳಿಗೂ ವಿಸ್ತರಿಸಬೇಕು, ಮಾಹಿತಿ ಕೊಟ್ಟ ಊರವರ ಹೆಸರು ಹೊರಬೀಳದಂತೆ ನೋಡಿಕೊಳ್ಳಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಒಬ್ಬ ಅಡಿಕೆ ಬೆಳೆಗಾರ
ಶಿರಸಿ ತಾಲ್ಲೂಕು, ಉತ್ತರ ಕನ್ನಡ