‘ಕಳ್ಳರು’ ಎಂಬ ಪದದ ತಕರಾರು

ಧಾರವಾಡ

ಪ್ರೀತಿಯ ತಂಗಿ,

ಗದುಗಿನಿಂದ ಬರೆದ ನಿನ್ನ ಪತ್ರ ಮುಟ್ಟಿತು. ನಿನ್ನ ಕಥೆಯನ್ನು ಯಾರೋ ಒಂದು ಮಾತೂ ಕೇಳದೆ ತಮ್ಮ ಸಂಚಿಕೆಯಲ್ಲಿ ಅಚ್ಚು ಹಾಕಿಕೊಂಡಿದ್ದಾರೆ. ನಾಲ್ಕು ಪುಟದಲ್ಲಿ ಹನ್ನೊಂದು ಸಲ ‘ಕಳ್ಳರು’ ಎಂದಿದ್ದೀಯೆ, ಎಣಿಸಿದೆ. ನಿನ್ನ ಸಿಟ್ಟು ಸರಿ. ಪದದ ಬಗ್ಗೆ ಮಾತ್ರ ನನ್ನ ತಕರಾರಿದೆ.

ಬಚ್ಚಲಮನೆಯ ಹಂಡೆ ಕದ್ದರೆ ಮರುದಿನ ನೀರು ಕಾಯಿಸಲು ಹಂಡೆ ಇರುವುದಿಲ್ಲ. ಕಥೆ ನಕಲಾದರೂ ಕಥೆ ನಿನ್ನ ಬಳಿಯೇ ಇರುತ್ತದೆ. ತಪ್ಪಿಹೋಗುವುದು ಬರಬೇಕಾಗಿದ್ದ ಗೌರವಧನ, ‘ಬೇಡ’ ಎನ್ನುವ ಅಧಿಕಾರ. 1957ರ ಹಕ್ಕುಸ್ವಾಮ್ಯ ಕಾಯ್ದೆಯೂ ಇದನ್ನು ಉಲ್ಲಂಘನೆ ಎಂದೇ ಕರೆಯುತ್ತದೆ. ಹೆಸರು ಸಪ್ಪೆಯಾಯಿತೆಂದು ಹಗುರವಾಗಿ ಕಾಣಬೇಡ: ತಿಳಿದೂ ಮಾಡಿದ್ದು ಸಾಬೀತಾದರೆ 63ನೆಯ ಕಲಮಿನ ಪ್ರಕಾರ 3 ವರ್ಷದವರೆಗೆ ಜೈಲುವಾಸವಿದೆ. ನೋಂದಣಿ ಮಾಡಿಸಿಲ್ಲವೆಂದು ಹೆದರಿದ್ದೀಯಲ್ಲ, ಅದು ಕಡ್ಡಾಯವಲ್ಲ. ಬರೆದಾಗಲೇ ಹಕ್ಕು ಹುಟ್ಟಿರುತ್ತದೆ.

ಒಮ್ಮೆ ವಿದ್ಯಾರ್ಥಿಯೊಬ್ಬ ನನ್ನ ಕಾದಂಬರಿಯ ಝೆರಾಕ್ಸ್ ಪ್ರತಿಗೆ ಸಹಿ ಕೇಳಿಕೊಂಡು ಬಂದ. ಸ್ಪೈರಲ್ ಬೈಂಡಿಂಗ್, 87ನೆಯ ಪುಟ ತಲೆಕೆಳಗು. ಮಾರಾಟವಾಗದ ಪ್ರತಿಗಳ ಗಂಟು ನಮ್ಮ ಅಟ್ಟದ ಮೇಲೆ ಹಾಗೆಯೇ ಇತ್ತು. ಹೊಟ್ಟೆ ಉರಿಯಿತು, ಸುಳ್ಳೇಕೆ? ಆದರೆ ಹುಡುಗ ಪುಟಪುಟಕ್ಕೂ ಅಡಿಗೆರೆ ಎಳೆದು ಓದಿದ್ದ. ಸಹಿ ಹಾಕಿಕೊಟ್ಟೆ.

ಇನ್ನೊಂದು ಸಲ, ಒಂದು ಸ್ಮರಣ ಸಂಚಿಕೆಯಲ್ಲಿ ನನ್ನ ಕಥೆ ಬೇರೊಬ್ಬರ ಹೆಸರಿನಲ್ಲಿ ಬಂತು. ಅಣ್ಣಿಗೇರಿಯನ್ನು ಸವಣೂರು ಮಾಡಿದ್ದರು. ಆದರೆ ಮೊದಲ ಮುದ್ರಣದಲ್ಲಿ ‘ಜೋಳ’ ಇರಬೇಕಾದಲ್ಲಿ ‘ಜೋಲ’ ಎಂದಾಗಿತ್ತು. ಆ ತಪ್ಪು ಅಲ್ಲಿಯೂ ಸ್ವಸ್ಥವಾಗಿ ಕುಳಿತಿತ್ತು! ಗೆಳೆಯರೊಬ್ಬರು ನನ್ನನ್ನೇ ಕೇಳಿದರು, ‘ನಿಮ್ಮ ಈ ಕಥೆ ಅವರದ್ದಲ್ಲವೇ?’ ಅಂದು ಹಂಡೆ ಹೋದ ಮನೆಯ ಅನುಭವವೇ ಆಯಿತು. ಇದನ್ನು ಕನ್ನಡ ಕೃತಿಚೌರ್ಯ ಎನ್ನುತ್ತದೆ. ಚೌರ್ಯವೆಂಬುದು ಈ ಕೆಲಸಕ್ಕೇ ಮೀಸಲಿರಲಿ. ಶರೀಫರ ಪದ ಹಾಡುವವರು ಅಲ್ಲಿಷ್ಟು ಇಲ್ಲಿಷ್ಟು ಬದಲಿಸಿಕೊಂಡರೂ ಶಿಶುನಾಳಾಧೀಶನ ಅಂಕಿತ ಬಿಡುವುದಿಲ್ಲ. ನಿನ್ನೂರಿನ ವೀರನಾರಾಯಣನ ಸನ್ನಿಧಿಯ ನಾರಣಪ್ಪ ಭಾರತದ ಕಥೆಯನ್ನು ವ್ಯಾಸರಿಂದ ತಂದ; ಕುಮಾರವ್ಯಾಸನೆಂದು ಕರೆದುಕೊಂಡು ಹೆಸರಿನಲ್ಲಿಯೇ ಸಾಲ ಒಪ್ಪಿಕೊಂಡ.

ಕಥೆಯ ಕೆಳಗೆ ನಿನ್ನ ಹೆಸರಿದೆಯೋ ಇಲ್ಲವೋ? ಅಷ್ಟುದ್ದದ ಪತ್ರದಲ್ಲಿ ಅದೊಂದನ್ನೇ ಬರೆದಿಲ್ಲ ನೀನು. ಇದ್ದರೆ ಸಂಪಾದಕರಿಗೆ ಸ್ಪೀಡ್ ಪೋಸ್ಟ್ ಹಾಕಿ ಗೌರವಧನ ಕೇಳು, ಸಂಕೋಚ ಬೇಡ. ಇಲ್ಲದಿದ್ದರೆ, ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಲೇಖಕರಿಗೆ ಕೊಡುವ 57ನೆಯ ಕಲಮು ಇದೆ. ಕರಡು ಪ್ರತಿಗಳನ್ನು ಹಿಡಿದುಕೊಂಡು ಭಾನುವಾರ ಬಾ. ಆ ‘ಜೋಲ’ದ ಸಂಚಿಕೆಯನ್ನೂ ತೆಗೆದಿಟ್ಟಿರುತ್ತೇನೆ.

ನಿನ್ನ ಅಣ್ಣ